ಪೊಲೀಸ್ ತರಬೇತಿಗೆ ದುಡ್ಡು ಬರುವ ದಾರಿ

(ಶಿರಸಿಯಲ್ಲಿ ಕಾನೂನು ವಿದ್ಯಾರ್ಥಿಗಳು ಮತ್ತು ಊರ ನಾಗರಿಕರ ಮುಂದೆ ವಕೀಲೆಯೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

ಒಂದು ಕೇಸಿನಿಂದ ಶುರು ಮಾಡುತ್ತೇನೆ. ಕಾರವಾರದ ಕಡೆಯದು, ಹಳೆಯದು. ಗೋವಾದಿಂದ ಮಾಜಾಳಿ ದಾಟಿ ಬಂದ ಕಾರೊಂದರ ಡಿಕ್ಕಿಯಲ್ಲಿ ಮದ್ಯದ ಪೆಟ್ಟಿಗೆಗಳು ಸಿಕ್ಕಿದ್ದವು. ನಾನು ಆರೋಪಿಯ ಪರ. ಪಂಚನಾಮೆ ಬರೆದು ಸ್ಯಾಂಪಲ್ ಬಾಟಲಿ ಕಟ್ಟಿದ ಕಾನ್‌ಸ್ಟೆಬಲ್ ಸಾಕ್ಷಿ ಕಟ್ಟೆಗೆ ಬಂದರು. ಇಪ್ಪತ್ತೈದು ಇಪ್ಪತ್ತಾರರ ಹುಡುಗ, ಇಸ್ತ್ರಿ ಮಾಡಿದ ಸಮವಸ್ತ್ರ, ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಪಾಟೀಸವಾಲಿನಲ್ಲಿ ನಾನು ಕೇಳಿದ್ದು ನಾಲ್ಕೇ ಪ್ರಶ್ನೆ. ಬಾಟಲಿಗೆ ಬಟ್ಟೆ ಸುತ್ತಿ ಅರಗು ಹಾಕಿ ಒತ್ತಿದ ಮುದ್ರೆಯಲ್ಲಿ ಯಾವ ಅಕ್ಷರ ಇತ್ತು? ನೆನಪಿಲ್ಲ. ಮುದ್ರೆ ಒತ್ತಿದ ಮೇಲೆ ಆ ಅಚ್ಚನ್ನು ಪಂಚರ, ಅಂದರೆ ಜಪ್ತಿಗೆ ಸಾಕ್ಷಿಯಾಗಿ ನಿಂತ ಹೊರಗಿನವರ, ವಶಕ್ಕೆ ಕೊಟ್ಟಿರಾ? ಇಲ್ಲ. ಮತ್ತೆ ಯಾರ ಹತ್ತಿರ ಇತ್ತು? ನಮ್ಮ ಹತ್ತಿರವೇ. ಬಾಟಲಿ ಪ್ರಯೋಗಾಲಯಕ್ಕೆ ಹೋಗುವವರೆಗೂ ಬಾಟಲಿ ಮತ್ತು ಅಚ್ಚು ಎರಡೂ ಒಂದೇ ಠಾಣೆಯಲ್ಲಿದ್ದವು? ಹೌದು.

ಅಚ್ಚು ಠಾಣೆಯಲ್ಲೇ ಇದ್ದರೆ ಬಾಟಲಿ ಬದಲಿಸಿ ಮತ್ತೆ ಅದೇ ಮುದ್ರೆ ಒತ್ತಲು ಅಡ್ಡಿಯಿಲ್ಲ. ಆರೋಪಿ ಖುಲಾಸೆಯಾದ. ಬೇರೆ ಲೋಪಗಳೂ ಇದ್ದವು, ಆದರೆ ನ್ಯಾಯಾಧೀಶರ ಮನಸ್ಸು ತಿರುಗಿದ್ದು ಅಲ್ಲೇ ಅಂತ ನನಗೆ ಅನ್ನಿಸಿತು. ಸಾಕ್ಷಿ ಮುಗಿದ ದಿನ ಕೋರ್ಟಿನ ಮೊಗಸಾಲೆಯಲ್ಲಿ ಆ ಹುಡುಗ ಸಿಕ್ಕರು. ಸಿಟ್ಟಿರಲಿಲ್ಲ. "ಮೇಡಂ, ಆ ಅಚ್ಚನ್ನು ಪಂಚರಿಗೆ ಕೊಡಬೇಕು ಅಂತ ನಮಗೆ ಯಾರೂ ಹೇಳಿಯೇ ಇಲ್ಲ. ಜಪ್ತಿ ಪಾಠ ಇದ್ದ ವಾರ ನಮ್ಮ ಬ್ಯಾಚನ್ನು ಬಂದೋಬಸ್ತಿಗೆ ಕಳಿಸಿದ್ದರು" ಅಂದರು. ವಾಪಸ್ ಬಂದ ಮೇಲೆ ಆ ಪಾಠ ಮಾಡಲಿಲ್ಲವಾ ಅಂತ ಕೇಳಿದೆ. "ಆಗ ಪರೇಡ್ ಅಭ್ಯಾಸ ಶುರುವಾಗಿತ್ತು" ಅಂದರು.

ವಕೀಲಳಾಗಿ ನನ್ನ ಕೆಲಸ ನಾನು ಮಾಡಿದೆ, ಅದರ ಬಗ್ಗೆ ನನಗೆ ಅಳುಕಿಲ್ಲ. ಆದರೆ ಆ ಮಾತು ನನ್ನನ್ನು ಬಿಟ್ಟಿಲ್ಲ. ಯಾಕೆಂದರೆ ಆ ಅಚ್ಚಿನ ನಿಯಮ ಇರುವುದು ಅಪರಾಧಿಯನ್ನು ಬಿಡಿಸಲಿಕ್ಕೆ ಅಂತ ತಿಳಿಯಬೇಡಿ. ನಾಳೆ ನಿಮ್ಮ ಮಗನ ಬ್ಯಾಗಿನಲ್ಲಿ ಇಲ್ಲದ ವಸ್ತು ಇತ್ತು ಅಂತ ಯಾರಾದರೂ ಬರೆದರೆ ಅವನನ್ನು ಕಾಯುವುದೂ ಅದೇ ನಿಯಮ. ಪಾಠ ತಪ್ಪಿದಾಗ ತಪ್ಪಿತಸ್ಥ ಪಾರಾಗುತ್ತಾನೆ, ನಿರಪರಾಧಿ ಸಿಕ್ಕಿಬೀಳುತ್ತಾನೆ, ಎರಡೂ ಆಗುತ್ತದೆ.

ಆಮೇಲೆ ಒಮ್ಮೆ ತರಬೇತಿ ಶಾಲೆಯೊಂದಕ್ಕೆ ಸಾಕ್ಷ್ಯ ಕಾನೂನಿನ ಪಾಠ ಹೇಳಲು ನನ್ನನ್ನು ಕರೆದರು. ಹೆಸರು ಬೇಡ, ಅಲ್ಲಿನ ಅಧಿಕಾರಿಗಳು ಒಳ್ಳೆಯವರು, ಇರುವುದರಲ್ಲಿ ಒದ್ದಾಡುತ್ತಿದ್ದರು. ಮೈದಾನ ನೋಡಿದರೆ ಕಣ್ಣು ತುಂಬುತ್ತದೆ, ಸುಣ್ಣದ ಗೆರೆ ಒಂದಿಷ್ಟೂ ಸೊಟ್ಟ ಇಲ್ಲ. ಗ್ರಂಥಾಲಯದ ಕಪಾಟಿಗೆ ಬೀಗ, ಕೀಲಿ ಇದ್ದವರು ರಜೆ. ನನಗೆ ಕೊಟ್ಟ ಎರಡು ತಾಸಿನಲ್ಲಿ ಒಂದು ತಾಸು ಯಾರೋ ಹಿರಿಯರು ಬರುತ್ತಾರೆಂಬ ತಯಾರಿಗೆ ಹೋಯಿತು. ಉಳಿದ ತಾಸಿನಲ್ಲಿ ಆ ಮಕ್ಕಳು ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡಲು ನನಗೆ ಒಂದು ವಾರ ಬೇಕಿತ್ತು. ಕಲಿಯುವ ಹಸಿವು ಅಷ್ಟಿತ್ತು.

ಇಲ್ಲಿಂದ ನನ್ನ ವಿಷಯಕ್ಕೆ ಬರುತ್ತೇನೆ. ಪೊಲೀಸರ ತಪ್ಪಿನ ಬಗ್ಗೆ ನಾವು ಬಹಳ ಮಾತಾಡುತ್ತೇವೆ. ಪೊಲೀಸರಿಗೆ ಪಾಠ ಹೇಳುವ ಸಂಸ್ಥೆಗೆ ದುಡ್ಡು ಎಲ್ಲಿಂದ ಬರುತ್ತದೆ, ಎಷ್ಟು ಬರುತ್ತದೆ, ಅದನ್ನು ನಿಲ್ಲಿಸುವ ಅಧಿಕಾರ ಯಾರಿಗಿದೆ, ಇದನ್ನು ಕೇಳುವುದೇ ಇಲ್ಲ.

ಎಷ್ಟು ಬರುತ್ತದೆ ಅನ್ನುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ದೇಶದ ಲೆಕ್ಕ ಹಿಡಿದರೆ ಪೊಲೀಸರಿಗೆ ಖರ್ಚಾಗುವ 100 ರೂಪಾಯಿಯಲ್ಲಿ ತರಬೇತಿಗೆ 2 ರೂಪಾಯಿಯೂ ಹೋಗುವುದಿಲ್ಲ. ರಾಜ್ಯಗಳ ಪೊಲೀಸ್, ಜೈಲು, ಕೋರ್ಟುಗಳನ್ನು ಅಳೆದು ಸ್ಥಾನ ಕೊಡುವ ಇಂಡಿಯಾ ಜಸ್ಟಿಸ್ ರಿಪೋರ್ಟ್ 2019ರಲ್ಲಿ ಹಿಂದಿನ ಐದು ವರ್ಷಗಳ ಲೆಕ್ಕ ತೆಗೆದಾಗ, ಕೆಲಸಕ್ಕೆ ಸೇರಿದ ಮೇಲೆ ಮತ್ತೊಮ್ಮೆ ತರಬೇತಿ ಪಡೆದ ಪೊಲೀಸರು ನೂರಕ್ಕೆ ಆರೇಳು ಮಂದಿ ಮಾತ್ರ ಅಂತ ಕಂಡಿತು. ಅಂದರೆ ಇಪ್ಪತ್ತನೇ ವಯಸ್ಸಿನಲ್ಲಿ ಕಲಿತದ್ದರಲ್ಲಿ ಅರವತ್ತರವರೆಗೆ ಜೀವನ ನಡೆಸಬೇಕು. ನಮ್ಮ ರಾಜ್ಯ ಈ ವರದಿಗಳಲ್ಲಿ ಮೇಲಿನ ಸ್ಥಾನದಲ್ಲಿದೆ, 2022ರಲ್ಲೂ 2025ರಲ್ಲೂ ದೊಡ್ಡ ರಾಜ್ಯಗಳ ಪೈಕಿ ಮೊದಲನೆಯದು. ಅದು ಸಂತೋಷ. ಆದರೆ ಮೊದಲ ಸ್ಥಾನದ ರಾಜ್ಯದಲ್ಲೇ ನಾನು ಆ ನಾಲ್ಕು ಪ್ರಶ್ನೆ ಕೇಳಿ ಕೇಸು ಗೆದ್ದಿದ್ದು.

ಈಗ ನಿಲ್ಲಿಸುವ ಅಧಿಕಾರ. ತರಬೇತಿ ಶಾಲೆ ನಡೆಸುವುದು ಪೊಲೀಸ್ ಇಲಾಖೆ. ಪಾಠ ಹೇಳುವವರನ್ನು ಕಳಿಸುವುದು, ವರ್ಗ ಮಾಡುವುದು ಅದೇ ಇಲಾಖೆ. ಕಲಿತರೋ ಇಲ್ಲವೋ ಅಂತ ಪರೀಕ್ಷೆ ಮಾಡುವುದೂ ಅದೇ ಇಲಾಖೆ. ಬಂದೋಬಸ್ತಿಗೆ ಜನ ಕಮ್ಮಿಯಾದಾಗ ಕ್ಲಾಸಿನಿಂದ ಎಬ್ಬಿಸಿಕೊಂಡು ಹೋಗುವುದೂ ಅದೇ. ನಾನು ಇಲಾಖೆಯನ್ನು ದೂರುತ್ತಿಲ್ಲ. ಬೀದಿಯಲ್ಲಿ ಗಲಾಟೆ ಇದ್ದಾಗ ಎಸ್‌ಪಿಯಾದವರು ಮೊದಲು ಬೀದಿಯನ್ನೇ ನೋಡಬೇಕು. ಪಾಠ ತಪ್ಪಿತು ಅಂತ ಯಾರೂ ಅವರ ಕಚೇರಿ ಮುಂದೆ ಧರಣಿ ಕೂರುವುದಿಲ್ಲ. ಹಾಗಾಗಿ ಪ್ರತಿ ಸಲ ಸೋಲುವುದು ಪಾಠವೇ. ಇಲಾಖೆಯೊಳಗೆ ತರಬೇತಿ ಶಾಲೆಯ ಪೋಸ್ಟಿಂಗನ್ನು ಏನೆಂದು ಕರೆಯುತ್ತಾರೆ ಅಂತ ನಿಮ್ಮ ಪರಿಚಯದ ಪೊಲೀಸರನ್ನು ಕೇಳಿ ನೋಡಿ. "ಮೂಲೆಗೆ ಹಾಕಿದರು" ಅನ್ನುತ್ತಾರೆ. ಮೂಲೆಗೆ ಬಿದ್ದವರಿಂದ ಮುಂದಿನ ತಲೆಮಾರಿಗೆ ಪಾಠ ಹೇಳಿಸುತ್ತಿದ್ದೇವೆ.

ಶಿರಸಿಯವರಿಗೆ ಇದನ್ನು ಅರ್ಥ ಮಾಡಿಸಲು ನಾನು ದೂರ ಹೋಗಬೇಕಾಗಿಲ್ಲ. ನೀವು ಅಡಿಕೆ ಚೀಲ ಹೇರಿಕೊಂಡು ಸೊಸೈಟಿ ಅಂಗಳಕ್ಕೆ ಹೋಗುತ್ತೀರಿ. ರಾಶಿ, ಬೆಟ್ಟೆ, ಚಾಲಿ, ಬಿಳಿಗೋಟು ಅಂತ ಬೇರೆಬೇರೆ ಗುಡ್ಡೆ. ದರದ ಬಗ್ಗೆ ಜಗಳ ಆಗುತ್ತದೆ, ದರ್ಜೆಯ ಬಗ್ಗೆ ಜಗಳ ಆಗುತ್ತದೆ, ನಮ್ಮ ಅಪ್ಪನೇ ಎಷ್ಟು ಸಲ ಮುಖ ಊದಿಸಿಕೊಂಡು ಮನೆಗೆ ಬಂದಿದ್ದಾರೆ. ಆದರೆ ತಕ್ಕಡಿಯ ಬಗ್ಗೆ ಜಗಳ ಅಪರೂಪ. ಯಾಕೆ? ತಕ್ಕಡಿಗೆ ಮುದ್ರೆ ಹಾಕಿದವನು ಕೊಳ್ಳುವವನ ಆಳಲ್ಲ, ಮಾರುವವನ ಆಳೂ ಅಲ್ಲ. ತೂಕ ಮತ್ತು ಅಳತೆ ಇಲಾಖೆಯವನು, ಈಗ ಕಾನೂನು ಮಾಪನಶಾಸ್ತ್ರ ಇಲಾಖೆ ಅನ್ನುತ್ತಾರೆ. ಅವನ ಸಂಬಳ ಅಂಗಳದಿಂದ ಬರುವುದಿಲ್ಲ. ವ್ಯಾಪಾರಿಯೇ ತನ್ನ ತಕ್ಕಡಿಗೆ ತಾನೇ ಮುದ್ರೆ ಹಾಕಿಕೊಳ್ಳಲಿ ಅಂದರೆ ನೀವು ಒಂದು ಚೀಲವನ್ನೂ ಇಳಿಸುವುದಿಲ್ಲ. ಪೊಲೀಸ್ ತರಬೇತಿಯಲ್ಲಿ ಮುದ್ರೆಯ ಅಚ್ಚು ಇನ್ನೂ ವ್ಯಾಪಾರಿಯ ಜೇಬಿನಲ್ಲಿದೆ. ನನ್ನ ಕೇಸಿನ ಆ ಬಾಟಲಿ ಮತ್ತು ಅಚ್ಚಿನ ಹಾಗೆಯೇ, ಎರಡೂ ಒಂದೇ ಠಾಣೆಯಲ್ಲಿ.

ಇದನ್ನು ದೆಹಲಿಯವರು ಗಮನಿಸಲೇ ಇಲ್ಲ ಅಂತಲ್ಲ. 1970ರ ಆಗಸ್ಟ್ 28ರಂದು ಕೇಂದ್ರ ಗೃಹ ಸಚಿವಾಲಯ ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಬ್ಯೂರೋ ಕಟ್ಟಿತು. ಮರುವರ್ಷ ತರಬೇತಿಯ ಬಗ್ಗೆಯೇ ಒಂದು ಸಮಿತಿ, ಪ್ರೊಫೆಸರ್ ಎಂ.ಎಸ್. ಗೋರೆ ಅಧ್ಯಕ್ಷರು. ಅವರು ಪೊಲೀಸ್ ಅಧಿಕಾರಿಯಲ್ಲ, ಸಮಾಜವಿಜ್ಞಾನಿ. ಅವರ ಸಲಹೆಯಂತೆ 1973ರಲ್ಲಿ ಬ್ಯೂರೋದಲ್ಲಿ ತರಬೇತಿ ವಿಭಾಗ ಬಂತು. ಪಠ್ಯಕ್ರಮ, ಕೈಪಿಡಿ ಎಲ್ಲ ಅಲ್ಲಿ ತಯಾರಾಗುತ್ತವೆ, ಕೆಲವು ನಿಜಕ್ಕೂ ಚೆನ್ನಾಗಿವೆ. ಆದರೆ ಪೊಲೀಸ್ ಎಂಬುದು ಸಂವಿಧಾನದ ಏಳನೇ ಅನುಸೂಚಿಯಲ್ಲಿ ರಾಜ್ಯ ಪಟ್ಟಿಯ 2ನೇ ನಮೂದು. ಬ್ಯೂರೋ ಸಲಹೆ ಕೊಡಬಹುದು, ಒಪ್ಪುವುದು ಬಿಡುವುದು ರಾಜ್ಯಕ್ಕೆ ಸೇರಿದ್ದು. ಬ್ಯೂರೋ ಕೂಡ ಗೃಹ ಸಚಿವಾಲಯದ ಒಂದು ಅಂಗವೇ, ಬೇರೆ ಕಾನೂನಿನಡಿ ಹುಟ್ಟಿದ್ದಲ್ಲ.

2006ರ ಸೆಪ್ಟೆಂಬರ್ 22ರಂದು ಪೊಲೀಸ್ ಸುಧಾರಣೆ ಕೋರಿದ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಏಳು ನಿರ್ದೇಶನ ಕೊಟ್ಟಿತು. ಕಾನೂನು ಓದುವ ಮಕ್ಕಳು ಇಲ್ಲಿದ್ದೀರಿ, ಪರೀಕ್ಷೆಗೆ ಬಾಯಿಪಾಠ ಮಾಡಿರುತ್ತೀರಿ. ರಾಜ್ಯ ಭದ್ರತಾ ಆಯೋಗ, ಡಿಜಿಪಿಗೆ ಎರಡು ವರ್ಷದ ಅವಧಿ, ಎಸ್‌ಪಿ ಮತ್ತು ಠಾಣಾಧಿಕಾರಿಗಳಿಗೂ ಎರಡು ವರ್ಷ, ತನಿಖೆ ಬೇರೆ ಬಂದೋಬಸ್ತ್ ಬೇರೆ, ವರ್ಗಾವಣೆಗೆ ಮಂಡಳಿ, ದೂರು ಪ್ರಾಧಿಕಾರ, ಕೇಂದ್ರದಲ್ಲಿ ಒಂದು ಆಯೋಗ. ಏಳನ್ನೂ ಎಣಿಸಿ. ತರಬೇತಿ ಅದರಲ್ಲಿಲ್ಲ. ನಮ್ಮ ರಾಜ್ಯ 2012ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆಯೋಗ, ಮಂಡಳಿ, ದೂರು ಪ್ರಾಧಿಕಾರಗಳನ್ನು ಕಾನೂನಿನಲ್ಲಿ ಸೇರಿಸಿತು. ತಪ್ಪಾದ ಮೇಲೆ ದೂರು ಕೊಡುವ ಜಾಗಕ್ಕೆ ಒಂದು ಕಾನೂನಿದೆ. ತಪ್ಪಾಗದಂತೆ ಕಲಿಸುವ ಜಾಗಕ್ಕೆ ಆ ರಕ್ಷಣೆ ಇಲ್ಲ.

ದುಡ್ಡಿಗೂ ಮಟ್ಟಕ್ಕೂ ಗಂಟು ಹಾಕಿದ ಒಂದು ಹಳೆಯ ಕಥೆ ಹೇಳುತ್ತೇನೆ, ಸ್ವಲ್ಪ ಅಡ್ಡದಾರಿ ಅನ್ನಿಸಬಹುದು. 1856ರಲ್ಲಿ ಇಂಗ್ಲೆಂಡ್ ಪಾರ್ಲಿಮೆಂಟು ಒಂದು ಕಾಯ್ದೆ ಮಾಡಿತು. ಅಲ್ಲಿ ಪೊಲೀಸ್ ಪಡೆ ಆಯಾ ಊರಿನದು, ಆಯಾ ಜಿಲ್ಲೆಯದು. ಊರಿನ ತೆರಿಗೆಯಿಂದಲೇ ಖರ್ಚು, ಹಾಗಾಗಿ ಊರಿನ ದೊಡ್ಡವರು ಹೇಳಿದಂತೆ ಪೊಲೀಸು. ಕಾಯ್ದೆ ಮಾಡಿದ್ದೇನೆಂದರೆ, ರಾಣಿಯ ಹೆಸರಿನಲ್ಲಿ ಇನ್‌ಸ್ಪೆಕ್ಟರುಗಳನ್ನು ನೇಮಿಸಿತು. ಅವರು ಊರೂರು ತಿರುಗಿ ಪಡೆಯನ್ನು ನೋಡಬೇಕು. ಈ ಪಡೆ ದಕ್ಷವಾಗಿದೆ ಅಂತ ಅವರು ಬರೆದುಕೊಟ್ಟರೆ ಮಾತ್ರ ಸಂಬಳ ಮತ್ತು ಸಮವಸ್ತ್ರದ ಖರ್ಚಿನ ಕಾಲು ಪಾಲು ಸರ್ಕಾರಿ ಖಜಾನೆಯಿಂದ. ಬರೆದುಕೊಡದಿದ್ದರೆ ಕಾಸಿಲ್ಲ. 1874ರಲ್ಲಿ ಅದು ಅರ್ಧ ಪಾಲಾಯಿತು. ಆ ತಪಾಸಣಾ ಸಂಸ್ಥೆ ಇವತ್ತಿಗೂ ಬೇರೆ ಹೆಸರಿನಲ್ಲಿ ಇದೆ. ತಪಾಸಣೆ ಮಾಡುವವನು ತಪಾಸಣೆಗೆ ಒಳಗಾಗುವವನ ಸಂಬಳದಲ್ಲಿ ಇರಲಿಲ್ಲ, ಅವನ ಒಂದು ಸಹಿಗೆ ಬೆಲೆ ಇತ್ತು. ನಾನು ಹೇಳಬೇಕೆಂದಿರುವುದು ಈ ಎರಡು ಅಂಶವನ್ನೇ.

ಅದೇ ದೇಶದ ಈಗಿನ ಕಥೆ ಇಷ್ಟು ಸಲೀಸಿಲ್ಲ. 2012ರ ಕೊನೆಗೆ ಅಲ್ಲಿ ಕಾಲೇಜ್ ಆಫ್ ಪೊಲೀಸಿಂಗ್ ಶುರುವಾಯಿತು, ತರಬೇತಿ ಮತ್ತು ವೃತ್ತಿಯ ಮಟ್ಟಕ್ಕಾಗಿಯೇ. ಸ್ವತಂತ್ರವಾಗಿ ಕೆಲಸ ಮಾಡಬೇಕು ಅಂತ ಅದನ್ನು ಕಂಪನಿಯ ರೂಪದಲ್ಲಿ ಕಟ್ಟಿದರು. ಆದರೆ ಆ ಕಂಪನಿಯ ಏಕೈಕ ಸದಸ್ಯ ಯಾರು ಗೊತ್ತಾ? ಗೃಹ ಸಚಿವರು. ದುಡ್ಡಿನ ಬಹುಪಾಲು ಗೃಹ ಇಲಾಖೆಯದು. ಸಚಿವರು ಪಾಠದ ಪುಸ್ತಕಕ್ಕೆ ದಿನವೂ ಕೈಹಾಕುತ್ತಾರೆ ಅಂತ ನಾನು ಹೇಳುವುದಿಲ್ಲ. ಆದರೆ ಮುಂದಿನ ವರ್ಷದ ಅನುದಾನಕ್ಕೆ ಯಾರ ಮುಖ ನೋಡಬೇಕೋ ಅವರಿಗೆ ಬೇಸರವಾಗುವ ವರದಿ ಬರೆಯುವಾಗ ಯಾರ ಕೈಯಾದರೂ ಒಂದು ಕ್ಷಣ ನಿಲ್ಲುತ್ತದೆ. ಮನುಷ್ಯರ ಸ್ವಭಾವ ಅದು.

ಅಮೆರಿಕದ ಕ್ಯಾಲಿಫೋರ್ನಿಯಾದವರು ಬೇರೆ ದಾರಿ ಹಿಡಿದರು. 1959ರಲ್ಲೇ ಪೊಲೀಸ್ ಮಟ್ಟ ಮತ್ತು ತರಬೇತಿಗೆ ಒಂದು ಆಯೋಗ ಮಾಡಿದರು. ಶಾಸಕರ ಹತ್ತಿರ ಕೈಯೊಡ್ಡಬಾರದು ಅಂತ ಅದಕ್ಕೊಂದು ಪ್ರತ್ಯೇಕ ನಿಧಿ, ಆ ನಿಧಿಗೆ ದುಡ್ಡು ಬರುತ್ತಿದ್ದದ್ದು ಕೋರ್ಟಿನಲ್ಲಿ ಕಟ್ಟುವ ದಂಡದ ಮೇಲಿನ ಹೆಚ್ಚುವರಿಯಿಂದ, ಸಂಚಾರ ದಂಡವೂ ಸೇರಿ. ಕೇಳಲಿಕ್ಕೆ ಚೆಂದ. ಇಲ್ಲೂ ಒಬ್ಬರು ನನಗೆ ಹೇಳಿದ್ದರು, ಹೆದ್ದಾರಿ 66ರಲ್ಲಿ ಹೆಲ್ಮೆಟ್ಟಿಗೆ ಹಾಕುವ ದಂಡವನ್ನೇ ತರಬೇತಿಗೆ ಕೊಡಬಹುದಲ್ಲ ಅಂತ. ದಯವಿಟ್ಟು ಬೇಡ. ಕ್ಯಾಲಿಫೋರ್ನಿಯಾದಲ್ಲಿ ದಂಡದ ಆದಾಯ ಇಳಿಯುತ್ತ ಬಂದಾಗ ತರಬೇತಿಗೆ ಕತ್ತರಿ ಬಿತ್ತು, ಕೊನೆಗೆ ರಾಜ್ಯದ ಸಾಮಾನ್ಯ ಖಜಾನೆಯಿಂದಲೇ ತುಂಬಬೇಕಾಯಿತು. ಜನ ಕಾನೂನು ಪಾಲಿಸಿದಷ್ಟೂ ಪೊಲೀಸರ ಪಾಠ ಬಡವಾಗುವ ಏರ್ಪಾಡು ಅದು. ಇನ್ನೊಂದು ಕೆಡುಕು ನಮಗೆ ಚೆನ್ನಾಗಿ ಗೊತ್ತು. ದಂಡದಿಂದ ತನ್ನ ಇಲಾಖೆಗೇ ಲಾಭ ಅಂತಾದರೆ ರಸೀದಿ ಪುಸ್ತಕಕ್ಕೆ ಟಾರ್ಗೆಟ್ ಬರುತ್ತದೆ. ಆದರೂ ಆ ಆಯೋಗದಿಂದ ಕಲಿಯಬೇಕಾದ್ದೂ ಇದೆ. 2021ರಲ್ಲಿ ಬಂದ ಕಾನೂನಿನಿಂದ, ಗಂಭೀರ ತಪ್ಪು ಮಾಡಿದ ಪೊಲೀಸನ ಪ್ರಮಾಣಪತ್ರವನ್ನೇ ರದ್ದು ಮಾಡುವ ಅಧಿಕಾರ ಅದಕ್ಕೆ ಬಂತು. ವಕೀಲರ ಸನದು ರದ್ದು ಮಾಡುವ ಹಾಗೆ.

ಸ್ವಾಯತ್ತತೆ ಅಂದರೆ ಏನು ಅನ್ನುವುದನ್ನು ನಮ್ಮ ಜಿಲ್ಲೆಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಬೇಲೇಕೇರಿ ಇಲ್ಲಿಯದೇ. 2010ರಲ್ಲಿ ಆ ಬಂದರಿನಲ್ಲಿ ಜಪ್ತಿಯಾದ ಲಕ್ಷಗಟ್ಟಲೆ ಟನ್ ಅದಿರು ಮಾಯವಾಯಿತು. ಜಪ್ತಿ ಮಾಡಿದ ಅರಣ್ಯಾಧಿಕಾರಿಯ ಅಮಾನತಿನ ಮಾತು ಬಂದಾಗ ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆ ರಾಜೀನಾಮೆ ಕೊಟ್ಟರು, ಆಮೇಲೆ ಹಿಂತೆಗೆದುಕೊಂಡರು. 2016ರಲ್ಲಿ ಲೋಕಾಯುಕ್ತ ಪೊಲೀಸರ ಕೆಲಸವನ್ನು ತೆಗೆದು ಎಸಿಬಿಗೆ, ಅಂದರೆ ಭ್ರಷ್ಟಾಚಾರ ನಿಗ್ರಹ ದಳಕ್ಕೆ, ಕೊಟ್ಟದ್ದು ಒಂದು ಸರ್ಕಾರಿ ಆದೇಶದಿಂದ. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಸರ್ಕಾರಿ ಆದೇಶದಿಂದ ಹುಟ್ಟಿದ್ದು ಇನ್ನೊಂದು ಆದೇಶದಿಂದ ಸಾಯುತ್ತದೆ. ಅದಕ್ಕೇ ನಾನು ಕಾನೂನು ಬೇಕು, ಕಾನೂನು ಬೇಕು ಅಂತ ಹಟ ಹಿಡಿಯುವುದು.

545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ನೆನಪಿಸಿಕೊಳ್ಳಿ. 2021ರ ಅಕ್ಟೋಬರ್ 3. ಈ ಸಭೆಯಲ್ಲೇ ಆ ಪರೀಕ್ಷೆ ಬರೆದವರು ಇರಬಹುದು. ನಡೆಸಿದ್ದು ಇಲಾಖೆಯ ನೇಮಕಾತಿ ವಿಭಾಗವೇ. ಅಕ್ರಮ ಹೊರಬಿತ್ತು, ಮರುವರ್ಷ ಆಯ್ಕೆ ರದ್ದಾಯಿತು, ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಅಧಿಕಾರಿಯೇ ಬಂಧನಕ್ಕೊಳಗಾದರು. ಆರೋಪದ ಸತ್ಯಾಸತ್ಯ ಕೋರ್ಟು ತೀರ್ಮಾನಿಸಲಿ. ನನಗೆ ಮುಖ್ಯವಾಗಿದ್ದು ಸರ್ಕಾರ ಆಮೇಲೆ ಏನು ಮಾಡಿತು ಅನ್ನುವುದು. 2024ರ ಜನವರಿಯಲ್ಲಿ ಮರುಪರೀಕ್ಷೆಯನ್ನು ಇಲಾಖೆಯಿಂದ ತೆಗೆದು ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೆ ಕೊಟ್ಟಿತು. ಒಳಗೆ ಬರುವ ಬಾಗಿಲನ್ನು ಹೊರಗಿನವರು ಕಾಯಬೇಕು ಅಂತ ಸರ್ಕಾರವೇ ಒಪ್ಪಿದ ಹಾಗಾಯಿತು. ಒಳಗೆ ಬಂದ ಮೇಲಿನ ಪಾಠ, ಪರೀಕ್ಷೆಗೆ ಅದೇ ನ್ಯಾಯ ಯಾಕಿಲ್ಲ?

ಹಾಗಾದರೆ ನನಗೆ ಏನು ಬೇಕು? ಒಂದು ರಾಜ್ಯ ಪೊಲೀಸ್ ತರಬೇತಿ ಮತ್ತು ಮಾನದಂಡ ಮಂಡಳಿ, ವಿಧಾನಮಂಡಲದ ಕಾಯ್ದೆಯಿಂದ. ಅದರ ದುಡ್ಡಿಗೆ ನಮ್ಮ ಸಂವಿಧಾನದಲ್ಲೇ ಮಾದರಿ ಇದೆ. 322ನೇ ವಿಧಿ ನೋಡಿ. ಲೋಕಸೇವಾ ಆಯೋಗದ ಖರ್ಚು, ಸಂಬಳ, ಪಿಂಚಣಿ ಎಲ್ಲ ರಾಜ್ಯದ ಸಂಚಿತ ನಿಧಿಯ ಮೇಲಿನ ಪ್ರಭೃತ ವೆಚ್ಚ. ಪ್ರಭೃತ ಅಂದರೆ ಶಾಸಕರು ಅದರ ಬಗ್ಗೆ ಚರ್ಚೆ ಮಾಡಬಹುದು, ಮತ ಹಾಕಿ ಕಡಿಯುವ ಹಾಗಿಲ್ಲ. ಹಾಗೆ ಮಾಡಿಯೂ ಲೋಕಸೇವಾ ಆಯೋಗದ ಮೇಲೆ ದೂರು ಬರುವುದು ನಿಂತಿಲ್ಲವಲ್ಲ ಅಂತ ಹಿಂದಿನ ಸಾಲಿನವರು ಕೇಳಿದರು. ನಿಜ. ದುಡ್ಡು ಭದ್ರವಾದರೆ ಸಾಲದು, ಅಲ್ಲಿ ಕೂರುವವರು ಯಾರು ಅನ್ನುವುದೂ ಅಷ್ಟೇ ಮುಖ್ಯ. ನಿವೃತ್ತ ನ್ಯಾಯಾಧೀಶರು, ಶಿಕ್ಷಣ ಬಲ್ಲವರು, ಠಾಣೆಯಲ್ಲಿ ನಿಜವಾಗಿ ಕೆಲಸ ಮಾಡಿ ಬಂದ ಪೊಲೀಸರು, ಅದರಲ್ಲೂ ಹೆಡ್ ಕಾನ್‌ಸ್ಟೆಬಲ್ ದರ್ಜೆಯವರು ಇರಬೇಕು. ಪೊಲೀಸರನ್ನು ಹೊರಗಿಟ್ಟು ಪೊಲೀಸ್ ಪಾಠ ಕಟ್ಟಲಾಗದು. ಮಂಡಳಿಯ ಲೆಕ್ಕವನ್ನು ಮಹಾಲೇಖಪಾಲರು ನೋಡಲಿ, ವರದಿ ಗೃಹ ಇಲಾಖೆಯ ಕಡತಕ್ಕೆ ಹೋಗದೆ ನೇರವಾಗಿ ಸದನಕ್ಕೆ ಹೋಗಲಿ. ತರಬೇತಿಯಲ್ಲಿರುವವರನ್ನು ಮಂಡಳಿಯ ಲಿಖಿತ ಒಪ್ಪಿಗೆ ಇಲ್ಲದೆ ಬಂದೋಬಸ್ತಿಗೆ ಕಳಿಸುವಂತಿಲ್ಲ ಅನ್ನುವ ಒಂದೇ ಒಂದು ಸಾಲು ಕಾಯ್ದೆಯಲ್ಲಿ ಬಂದರೂ ನನಗೆ ಅರ್ಧ ಸಮಾಧಾನ.

ಸಾರ್ವಜನಿಕರ ದುಡ್ಡು ತಿನ್ನುವ ಇನ್ನೊಂದು ಕಚೇರಿ, ಇನ್ನೊಂದು ಕಾರು ಅಂತ ನಿಮಗೆ ಅನ್ನಿಸಬಹುದು. ತರಬೇತಿ ಇಲ್ಲದ್ದಕ್ಕೆ ನಾವು ಈಗಲೇ ತೆರುತ್ತಿದ್ದೇವೆ. ಬಿದ್ದುಹೋದ ಒಂದೊಂದು ಕೇಸಿಗೂ ಸಾಕ್ಷಿಯ ಬಸ್ ಭತ್ಯೆಯಿಂದ ಹಿಡಿದು ನ್ಯಾಯಾಧೀಶರ ಸಮಯದವರೆಗೆ ಖರ್ಚಾಗಿರುತ್ತದೆ, ಅದನ್ನು ಯಾರೂ ಕೂಡಿಸುವುದಿಲ್ಲ ಅಷ್ಟೆ.

ಕರಾವಳಿಯ ಮಾತು ಹೇಳದೆ ಹೋದರೆ ತಪ್ಪಾಗುತ್ತದೆ. 2008ರ ಮುಂಬೈ ದಾಳಿಯ ನಂತರ ಕರಾವಳಿ ಕಾವಲು ಪೊಲೀಸ್ ಠಾಣೆಗಳಿಗೆ ಹೊಸ ಮಹತ್ವ ಬಂತು. ಕಾರವಾರ, ಕುಮಟಾ, ಹೊನ್ನಾವರ, ಭಟ್ಕಳದಲ್ಲೆಲ್ಲ ಇವೆ. ಸಮುದ್ರದ ಪೊಲೀಸರಿಗಾಗಿಯೇ ಇರುವ ರಾಷ್ಟ್ರೀಯ ಅಕಾಡೆಮಿ ಗುಜರಾತಿನ ಓಖಾದಲ್ಲಿದೆ, 2018ರಲ್ಲಿ ಶುರುವಾದದ್ದು. ಒಳ್ಳೆಯದೇ. ಆದರೆ ನಮ್ಮ ಕಾಳಿ ಅಳಿವೆಯ ಸೆಳೆತ, ಮಳೆಗಾಲದ ನಮ್ಮ ಕಡಲು ಓಖಾದ ಪಠ್ಯದಲ್ಲಿ ಎಷ್ಟು ಇರಲು ಸಾಧ್ಯ? 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯಲ್ಲಿ, ಗಂಗಾವಳಿ ದಡದಲ್ಲಿ ಮಳೆಯಲ್ಲಿ ನಿಂತವರಲ್ಲಿ ನಮ್ಮ ಠಾಣೆಗಳ ಸಾಮಾನ್ಯ ಪೊಲೀಸರೂ ಇದ್ದರು. ಆಗಸ್ಟ್ 7ರ ನಡುರಾತ್ರಿ ಕಾಳಿ ಸೇತುವೆ ಬಿದ್ದು ಲಾರಿ ನದಿಗೆ ಹೋದಾಗ ಚಾಲಕನನ್ನು ಉಳಿಸಲು ಓಡಿದವರಲ್ಲಿ ಮೀನುಗಾರರಿದ್ದರು, ಪೊಲೀಸರಿದ್ದರು. ಅವರ ಧೈರ್ಯಕ್ಕೆ ನನ್ನ ನಮಸ್ಕಾರ. ಧೈರ್ಯವೊಂದನ್ನೇ ನೆಚ್ಚಿಕೊಂಡು ಅವರನ್ನು ಅಲ್ಲಿಗೆ ಕಳಿಸುವುದು ಸರಿಯಲ್ಲ. ಈ ಜಿಲ್ಲೆಗೆ ಬೇಕಾದ ಪಾಠ ಯಾವುದು ಅಂತ ಬರೆದು, ಅದಕ್ಕೆ ದುಡ್ಡು ಕೇಳಿ ಪಡೆಯುವ ಹಕ್ಕಿರುವ ಸಂಸ್ಥೆ ಇದ್ದಿದ್ದರೆ ಅಂತ ಆ ಎರಡೂ ದಿನ ಅನ್ನಿಸಿತು.

2024ರ ಜುಲೈ 1ರಿಂದ ಹೊಸ ಕ್ರಿಮಿನಲ್ ಕಾನೂನುಗಳು ಬಂದಿವೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನ ಪ್ರಕಾರ ಶೋಧ ಮತ್ತು ಜಪ್ತಿಯನ್ನು ವಿಡಿಯೋ ಮಾಡಲೇಬೇಕು. ಜೋಯಿಡಾದ ಒಳಗಿನ ಹಳ್ಳಿಯಲ್ಲಿ, ನೆಟ್‌ವರ್ಕ್ ಇಲ್ಲದ ಕಡೆ, ಮಳೆಯಲ್ಲಿ ಮೊಬೈಲಿಗೆ ಪ್ಲಾಸ್ಟಿಕ್ ಸುತ್ತಿಕೊಂಡು ಒಬ್ಬ ಕಾನ್‌ಸ್ಟೆಬಲ್ ಅದನ್ನು ಹೇಗೆ ಮಾಡಬೇಕು, ಎಲ್ಲಿ ಉಳಿಸಬೇಕು, ಮಧ್ಯೆ ಚಾರ್ಜ್ ಮುಗಿದರೆ ಪಂಚನಾಮೆಯಲ್ಲಿ ಏನು ಬರೆಯಬೇಕು? ಒಂದೆರಡು ದಿನದ ಉಪನ್ಯಾಸ ಕೇಳಿ ಬರುವ ವಿದ್ಯೆ ಇದಲ್ಲ, ಕೈಹಿಡಿದು ಮಾಡಿಸಬೇಕಾದ್ದು.

ಮಾರ್ಚ್ ಹೊತ್ತಿಗೆ ರಾಜ್ಯದ ಬಜೆಟ್ ಬರುತ್ತದೆ. ಪುಸ್ತಕಗಳು ಇಂಟರ್ನೆಟ್ಟಿನಲ್ಲೇ ಸಿಗುತ್ತವೆ. ಪೊಲೀಸ್ ಖರ್ಚಿನ ಲೆಕ್ಕ ಶೀರ್ಷಿಕೆ 2055. ಅದರ ಕೆಳಗೆ 003 ಅಂತ ಒಂದು ಸಾಲಿದೆ, ಶಿಕ್ಷಣ ಮತ್ತು ತರಬೇತಿ. ಆ ಸಾಲಿನ ಮೊತ್ತವನ್ನು ಒಟ್ಟು ಮೊತ್ತದಿಂದ ಭಾಗಿಸಿ. ಹಿಂದಿನ ವರ್ಷ ಕೊಟ್ಟಿದ್ದರಲ್ಲಿ ಎಷ್ಟು ಖರ್ಚಾಯಿತು ಅನ್ನುವ ಅಂಕಣವನ್ನೂ ನೋಡಿ. ಕಾನೂನು ವಿದ್ಯಾರ್ಥಿಗಳು ಮಾಹಿತಿ ಹಕ್ಕಿನಲ್ಲಿ ಇನ್ನೊಂದು ಅರ್ಜಿ ಹಾಕಿ, ತರಬೇತಿ ಶಾಲೆಗಳಿಂದ ಬಂದೋಬಸ್ತಿಗೆ ಕಳಿಸಿದ ದಿನಗಳೆಷ್ಟು ಅಂತ. ಎರಡು ಹಾಳೆಯನ್ನೂ ಹಿಡಿದುಕೊಂಡು ಶಾಸಕರ ಹತ್ತಿರ ಹೋಗೋಣ. ನಾನೂ ಬರುತ್ತೇನೆ. ಕಾರವಾರದ ಆ ಹುಡುಗ ಈಗ ಬೇರೆ ಠಾಣೆಯಲ್ಲಿದ್ದಾರೆ, ಹೊಸಬರಿಗೆ ಅರಗಿನ ಮುದ್ರೆ ಒತ್ತುವುದನ್ನು ಅವರೇ ಕೂತು ಕಲಿಸುತ್ತಾರಂತೆ, ಡ್ಯೂಟಿ ಮುಗಿದ ಮೇಲೆ.